ಮಂಗಳವಾರದ ಅವಲಕ್ಕಿ

ಹೊಳೆಯ ದಂಡೆಗೆ ಒಂದು ಸಣ್ಣ ಮಠವಿತ್ತು. ಮಠಕ್ಕೆ ಒಬ್ಬ ಅಜ್ಜಾರು, ಒಂದು ಆಕಳು, ಒಂದು ಅಡುಗೆಮನೆ. ದಿನಾ ಪಂಕ್ತಿಯಲ್ಲಿ ಕೂತು ಉಣ್ಣುವವರು ನಲವತ್ತೊಂದು ಮಂದಿ.

ಒಂದು ಕಂಪ್ಯೂಟರೂ ಇತ್ತು. ಯಾರೋ ಭಕ್ತರು ತಂದಿಟ್ಟು, ನಮಸ್ಕಾರ ಮಾಡಿ ಹೋಗಿದ್ದರು. ಹೇಗೆ ನಡೆಸುವುದೆಂದು ಹೇಳಿ ಹೋಗಿರಲಿಲ್ಲ. ಮಠದವರು ಅದಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದರು.

ಅಡಿವೆಪ್ಪ ಬಂದ ಮೇಲೆಯೇ ಆ ವಿಭೂತಿ ಒರೆಸಿದ್ದು.

ಅಡಿವೆಪ್ಪ ಡಿಪ್ಲೊಮಾ ಮುಗಿಸಿದವನು, ವಯಸ್ಸು ಇಪ್ಪತ್ತೆಂಟು. ಪ್ರೋಗ್ರಾಮ್ ಬರೆಯುವುದರಲ್ಲಿ ಜಾಣ. ತಾನು ಜಾಣ ಎಂಬುದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದು ಅಲ್ಲೇ. ಅಜ್ಜಾರು ಪೂರ್ವಾಶ್ರಮದಲ್ಲಿ ಯಾವುದೋ ಪಾಲಿಟೆಕ್ನಿಕ್ಕಿನಲ್ಲಿ ಇದೇ ಪಾಠ ಹೇಳುತ್ತಿದ್ದರೆಂದು ಕೇಳಿ, ಹುಡುಕಿಕೊಂಡು ಬಂದು ಕಾಲಿಗೆ ಬಿದ್ದಿದ್ದ.

"ಏನು ಕಲೀಬೇಕಂತೀ?" ಎಂದು ಅಜ್ಜಾರು ಕೇಳಿದ್ದರು.

"ಪ್ರೋಗ್ರಾಮಿಂಗ್‌ರೀ ಅಜ್ಜಾರ. ಬುಡಮಟ್ಟ ಕಲೀಬೇಕು."

"ಹಂಗಾರ ಕೊಟ್ಟಿಗಿಯಿಂದ ಸುರು ಮಾಡು. ಸಗಣಿ ಬಳಿ."

ಎರಡು ವರ್ಷದಿಂದ ಬಳಿಯುತ್ತಿದ್ದ. ನಡುನಡುವೆ ಪಾಠವೂ ಆಗುತ್ತಿತ್ತು. ಯಾವುದು ಪಾಠ, ಯಾವುದು ಸಗಣಿ ಎಂದು ಅವನಿಗೆ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ.

ಇನ್ನು ನೀಲವ್ವ. ಮಠದ ಅಡುಗೆ ಅವಳದು. ಮೂವತ್ತೊಂದು ವರ್ಷದಿಂದ ಆ ಒಲೆಯ ಮುಂದೆ ಅವಳೇ.

ಯಾರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದೆಲ್ಲ ನೀಲವ್ವನ ತಲೆಯಲ್ಲಿತ್ತು. ಫಕೀರಜ್ಜನಿಗೆ ಉಪ್ಪು ಆಗದು. ಹಾಡುವ ರಾಚಯ್ಯನವರಿಗೆ ಬೆಲ್ಲ ಆಗದು, ಆದರೆ ಕೇಳದೆ ಬಿಡರು. ಸಂಗಮ್ಮನಿಗೆ ಹಲ್ಲಿಲ್ಲ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಡಬೇಕು. ಹೀಗೆ ನಲವತ್ತೊಂದು ಮಂದಿಯದು ನಲವತ್ತೊಂದು ನಮೂನೆ.

ನೀಲವ್ವನ ಮೇಲೊಂದು ಹರಕೆ ಇತ್ತು. ಮಗಳು ಜಡ್ಡಿನಿಂದ ಎದ್ದರೆ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಬರುತ್ತೇನೆಂದು ಹೊತ್ತದ್ದು. ಮಗಳು ಎದ್ದಳು, ಲಗ್ನವಾದಳು, ಆ ಮಗಳ ಮಗಳೇ ಈಗ ಕಾಲೇಜಿಗೆ ಹೋಗುತ್ತಾಳೆ. ಹರಕೆ ಮಾತ್ರ ಹಾಗೇ ಉಳಿದಿತ್ತು. ಪ್ರತಿ ವರ್ಷ ನೀಲವ್ವ ಬಟ್ಟೆಗಂಟು ಕಟ್ಟುವಳು, ಪಂಕ್ತಿಯ ಕಡೆ ಒಮ್ಮೆ ನೋಡುವಳು, ಗಂಟು ಬಿಚ್ಚುವಳು.

ಈ ವರ್ಷ ಅಡಿವೆಪ್ಪ ಎದೆ ತಟ್ಟಿ ಹೇಳಿದ್ದ. "ಯವ್ವಾ, ನಿಮ್ಮ ತಲಿಯಾಗ ಏನೇನ ಐತಿ ಎಲ್ಲಾ ಹೇಳ್ರಿ. ಕಂಪ್ಯೂಟರಿನಾಗ ಕಾಪಿ ಮಾಡ್ಕೋತೀನಿ. ನೀವು ಚಿಂತಿಲ್ಲದ ಮಲ್ಲಯ್ಯನ ದರ್ಶನ ಮಾಡ್ಕೊಂಡು ಬರ್ರಿ."

ಮೂರು ಸಂಜೆ ಕೂತು ನೀಲವ್ವ ಹೇಳಿದಳು, ಅಡಿವೆಪ್ಪ ತುಂಬಿಕೊಂಡ. ಎಲ್ಲ ಮುಗಿದ ಮೇಲೆ ಅವಳೊಂದು ಕರಾರು ಹಾಕಿದಳು.

"ತಮ್ಮಾ, ಶುಕ್ರವಾರ ಮುಂಜಾನೆ ನಮ್ಮ ಮಂದಿ ಹೊಂಡತೈತಿ. ಸೋಮವಾರದಿಂದ ನಾ ಅಡಗಿಮನಿ ಕಟ್ಟಿ ಮ್ಯಾಲೆ ಬಾಯಿ ಮುಚ್ಚಿಕೊಂಡು ಕುಂದರತೀನಿ. ನಿನ್ನ ಪಟ್ಟಿ ಏನ ಹೇಳತೈತೋ ಅದ ಅಡಗಿ ಆಗಲಿ. ಎಲ್ಲಾ ಬರೋಬ್ಬರಿ ಆದ್ರ ಹೋಗ್ತೀನಿ. ಒಬ್ಬರ ಹೊಟ್ಟಿ ಕೆಟ್ರೂ ನಾ ಹೋಗಂಗಿಲ್ಲ."

"ಆಗಲಿ ಯವ್ವಾ. ಗಂಟು ಕಟ್ಟೇಬಿಡ್ರಿ."

ನೀಲವ್ವ ಗಂಟು ಕಟ್ಟಿದಳು.

ಸೋಮವಾರ ಮಠದಲ್ಲಿ ಒಲೆ ಹೊತ್ತಿಸುವುದಿಲ್ಲ. ಎಲ್ಲರಿಗೂ ಒಪ್ಪತ್ತು, ಸಂಜೆ ಅವಲಕ್ಕಿ, ಹಾಲು, ಅಷ್ಟೇ. ಅಡಿವೆಪ್ಪ ಕಂಪ್ಯೂಟರಿನಿಂದ ತೆಗೆದ ಪಟ್ಟಿಯ ಕಾಗದವೂ ಹಾಗೇ ಹೇಳಿತು. ನೀಲವ್ವನ ಬದಲಿಗೆ ಬಂದಿದ್ದ ಊರಿನ ಅಕ್ಕತಂಗಿಯರಿಬ್ಬರು ಕಾಗದ ಓದಿ ಅವಲಕ್ಕಿ ನೆನೆಹಾಕಿದರು. ಎಲ್ಲ ಸುಸೂತ್ರವಾಯಿತು.

ಅಡಿವೆಪ್ಪ ಅವತ್ತು ಹೊಳೆಯ ದಂಡೆಗುಂಟ ಸೀಟಿ ಹೊಡೆಯುತ್ತ ತಿರುಗಿದ.

ಮರುದಿನ ಮಂಗಳವಾರ. ಅಡಿವೆಪ್ಪ ಪಂಕ್ತಿಯ ಮನೆಯಲ್ಲಿ ಎಲೆ ಹಾಕುವುದರಲ್ಲಿದ್ದ. ನಲವತ್ತೊಂದು ಎಲೆ, ಕಾಗದ ಹೇಳಿದಷ್ಟು. ಅತ್ತ ಅಡುಗೆಮನೆಯಲ್ಲಿ ಅಕ್ಕತಂಗಿಯರು ಕಾಗದ ಓದಿದರು, ಒಬ್ಬರ ಮುಖ ಒಬ್ಬರು ನೋಡಿದರು, ಮತ್ತೆ ಓದಿದರು. ಕಟ್ಟೆಯ ಮೇಲಿದ್ದ ನೀಲವ್ವನ ಕಣ್ಣು ದೊಡ್ಡವಾದವು. ಆದರೆ ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತು ಕೊಟ್ಟವಳು. ಸೆರಗು ಬಾಯಿಗಿಟ್ಟುಕೊಂಡು ಕೂತಳು.

ಎಲೆಗಳ ಮೇಲೆ ಅವಲಕ್ಕಿ ಬಿತ್ತು. ಪಕ್ಕದಲ್ಲಿ ಬಟ್ಟಲು ಹಾಲು.

ಫಕೀರಜ್ಜ ಎಲೆಯಿಂದ ತಲೆ ಎತ್ತಿದ.

"ಅಡಿವೆಪ್ಪಾ, ಇವತ್ತು ಯಾವ ವಾರೋ?"

"ಮಂಗಳವಾರ್ರೀ ಅಜ್ಜಾ."

"ಮುಂಜಾನಿಂದ ಕಟ್ಟಿಗಿ ಒಡದೀನಿ. ಇನ್ನೊಮ್ಮೆ ವಿಚಾರ ಮಾಡಿ ಹೇಳು."

ರಾಚಯ್ಯನವರು ಅವಲಕ್ಕಿಯ ಮೇಲೆ ಬೆರಳಾಡಿಸುತ್ತ, "ಸೋಮವಾರ ನಿನ್ನೆ ಬಂದು ಹೋಗಿತ್ತು. ಏನರೆ ಮರತು ಮತ್ತ ತಿರುಗಿ ಬಂತೇನು?" ಎಂದರು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಂಗಮ್ಮ ಮಾತ್ರ ಸಂತೋಷದಿಂದ ಉಂಡಳು. ಹಲ್ಲಿಲ್ಲದವಳಿಗೆ ಎರಡು ದಿನ ಸಾಲಾಗಿ ಮೆತ್ತಗಿನ ಊಟ ಯಾರು ಕೊಡುತ್ತಾರೆ? ಅಜ್ಜಾರೂ ತಮ್ಮ ಎಲೆ ಖಾಲಿ ಮಾಡಿ, "ಚೊಲೋ ನೆಂದೈತಿ," ಎಂದು ಎದ್ದು ಕೈ ತೊಳೆಯಲು ಹೋದರು.

ನೀಲವ್ವ ನಗಲಿಲ್ಲ. ಬೈಯಲೂ ಇಲ್ಲ. ತನ್ನ ಕೋಣೆಗೆ ಹೋಗಿ ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಮತ್ತೆ ಗೂಟಕ್ಕೆ ಹಾಕಿದಳು. ಬಾಗಿಲಲ್ಲಿ ನಿಂತು ನೋಡಿದ ಅಡಿವೆಪ್ಪನಿಗೆ ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ ಅನ್ನಿಸಿತು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಓಡಿ ಹೋಗಿ ಕಂಪ್ಯೂಟರು ತೆರೆದ. ದಿನದ ಪಟ್ಟಿಯಲ್ಲಿ ಫಕೀರಜ್ಜ: ಅವಲಕ್ಕಿ, ಹಾಲು. ರಾಚಯ್ಯ: ಅವಲಕ್ಕಿ, ಹಾಲು. ಕೊನೆಯ ಹೆಸರಿನ ತನಕ ಅದೇ. ಮೂರು ಸಂಜೆ ಕೂತು ತುಂಬಿದ್ದ ರೊಟ್ಟಿ, ಪಲ್ಯ, ಮಜ್ಜಿಗೆ ಒಂದೂ ಇರಲಿಲ್ಲ. ಪುಣ್ಯಕ್ಕೆ ಬೇರೊಂದು ಕಡೆ ಇಟ್ಟಿದ್ದ ಹಳೆಯ ಪ್ರತಿ ಇತ್ತು, ಹಾಗಾಗಿ ನೀಲವ್ವನನ್ನು ಮತ್ತೆ ಕೇಳುವ ಮುಖಭಂಗ ತಪ್ಪಿತು.

ಅಜ್ಜಾರು ಬೇವಿನ ಮರದ ಕೆಳಗೆ ಆಕಳ ಮೈ ತಿಕ್ಕುತ್ತಿದ್ದರು.

"ಅಜ್ಜಾರ, ಕಂಪ್ಯೂಟರ ಕೆಟ್ಟೈತ್ರೀ."

"ವಿಭೂತಿ ಹಚ್ಚತಿದ್ದಾಗ ಚೊಲೋ ಇತ್ತಲ್ಲೋ."

"ಚಾಷ್ಟಿ ಮಾಡಬ್ಯಾಡ್ರೀ. ನೀಲವ್ವ ಗಂಟು ಬಿಚ್ಚ್ಯಾಳ."

ಅಜ್ಜಾರು ತಿಕ್ಕುವುದನ್ನು ನಿಲ್ಲಿಸಿದರು. "ಏನ ಮಾಡಿದ್ದಿ ಹೇಳು."

"ನಿತ್ಯದ ಊಟಕ್ಕ ಒಂದು ಪಟ್ಟಿ ಮಾಡಿದೆ, 'ದಿನ' ಅಂತ ಹೆಸರು. ಸೋಮವಾರಕ್ಕ ಅದರದ ಕಾಪಿ ಮಾಡಿ 'ಸೋಮ' ಅಂತ ಹೆಸರಿಟ್ಟೆ. ಸೋಮದಾಗ ಎಲ್ಲಾರ ಮುಂದ ಅವಲಕ್ಕಿ ಹಾಲು ಅಂತ ಬರದೆ. ದಿನ ನಾ ಮುಟ್ಟೇ ಇಲ್ರೀ. ಮುಟ್ಟಲಾರದ್ದು ಹೆಂಗ ಬದಲಾತು?"

"ಕಾಪಿ ಹೆಂಗ ಮಾಡಿದಿ?"

"'ಸೋಮ ಅಂದ್ರ ದಿನ' ಅಂತ ಒಂದು ಸಾಲು ಬರದೀನಿ."

"ಎಲಿ ಎಣಿಕಿ?"

"ಅದಕ್ಕೂ ಅಂಥಾದ ಒಂದು ಸಾಲು. ದಿನದ ಎಲಿ ನಲವತ್ತೊಂದು. ಸೋಮವಾರ ಮೂರು ಮಂದಿ ಊರಿಗೆ ಹೋಗ್ತಾರ, ಅದಕ್ಕ ಸೋಮದ್ದು ಮೂವತ್ತೆಂಟು ಮಾಡಿದೆ. ದಿನದ್ದು ನಲವತ್ತೊಂದ ಉಳೀತು. ಎಲಿ ಬರೋಬ್ಬರಿ, ಊಟ ತಪ್ಪು! ಎರಡೂ ಸಾಲು ಒಂದ ನಮೂನಿ ಅದಾವ್ರೀ ಅಜ್ಜಾರ."

ಅಜ್ಜಾರು ಆಕಳ ಬೆನ್ನು ತಟ್ಟಿದರು. "ಇದರ ಹೆಸರೇನು?"

"ಕೆಂದಿ."

"ಇವತ್ತಿನಿಂದ ಗೌರಿ ಅಂತನೂ ಕರಿ."

"ಆಗಲ್ರೀ."

"ನಾಳೆ ಮುಂಜಾನೆ ಕೆಂದಿನ್ನ ಹಿಂಡು. ಆಮ್ಯಾಲೆ ಗೌರಿನ್ನ ಹಿಂಡು. ಹಾಲು ಎರಡು ಪಟ್ಟು ಆಗತೈತಿ. ಬ್ಯಾರೆ ಆಕಳ ಅಂದಮ್ಯಾಲೆ ಬ್ಯಾರೆ ಹಗ್ಗ ಬೇಕು, ಇನ್ನೊಂದು ಹಗ್ಗಾನೂ ಕಟ್ಟು."

ಅಡಿವೆಪ್ಪನಿಗೆ ಅಜ್ಜಾರ ಸ್ವಭಾವ ಗೊತ್ತಿತ್ತು. ಆದರೂ ಹಗ್ಗ ಕಟ್ಟಿದ.

ಬುಧವಾರ ಬೆಳಕು ಹರಿಯುತ್ತಲೇ ಕೊಟ್ಟಿಗೆಗೆ ಹೋಗಿ ಕೆಂದಿಯನ್ನು ಹಿಂಡಿದ. ಒಂದು ಚರಿಗೆ ತುಂಬಿತು. ಖಾಲಿ ಚರಿಗೆ ತಗೊಂಡು ಇನ್ನೊಂದು ಮಗ್ಗುಲಿಗೆ ಬಂದು, "ಬಾರವ್ವಾ ಗೌರೀ," ಎಂದು ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದ.

ಚರಿಗೆ ಬೇವಿನ ಮರದ ತನಕ ಉರುಳಿತು. ಅಡಿವೆಪ್ಪ ಅಷ್ಟು ದೂರ ಉರುಳಲಿಲ್ಲ, ಸಗಣಿಯ ಬುಟ್ಟಿ ತಡೆಯಿತು.

ಅಜ್ಜಾರು ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದರು. "ಒದ್ದವರು ಯಾರೋ? ಕೆಂದಿನೋ, ಗೌರಿನೋ?"

ಅಡಿವೆಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತ ಮೇಲಕ್ಕೆ ನೋಡಿದ. ಆಕಳು ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು. ಕೊರಳಲ್ಲಿ ಎರಡು ಹಗ್ಗ. ಅವನು ನಗತೊಡಗಿದ.

"ಸೋಮ ಅಂದ್ರ ದಿನ," ಎಂದ. "ನಾ ಕಾಪಿ ಮಾಡೇ ಇಲ್ರೀ ಅಜ್ಜಾರ. ಅದ ಪಟ್ಟಿಗೆ ಇನ್ನೊಂದು ಹೆಸರಿಟ್ಟೆ. ಸೋಮಕ್ಕ ಅವಲಕ್ಕಿ ಬರದದ್ದು ದಿನಕ್ಕೂ ಬರದಂಗಾತು."

"ಮತ್ತ ಎಲಿ ಎಣಿಕಿ ಯಾಕ ಕೆಡಲಿಲ್ಲ?"

ಅಡಿವೆಪ್ಪ ಅಂಗಿಗೆ ಹತ್ತಿದ ಸಗಣಿ ಒರೆಸಿಕೊಳ್ಳುತ್ತ ಅಜ್ಜಾರ ಮುಖ ನೋಡಿದ.

"ನನ್ನ ವಯಸ್ಸೆಷ್ಟು?"

"ಎಪ್ಪತ್ತರೀ."

"ಫಕೀರಜ್ಜಂದು?"

"ಅವರದೂ ಎಪ್ಪತ್ತು."

"ಯುಗಾದಿಗೆ ಅವ ಎಪ್ಪತ್ತೊಂದಕ್ಕ ಬೀಳ್ತಾನ. ಅವನ ಜೋಡಿ ನಾನೂ ಬೀಳಬೇಕೇನು?"

"ಯಾಕ್ರೀ? ಅವರ ಎಪ್ಪತ್ತು ಅವರಿಗೆ, ನಿಮ್ಮ ಎಪ್ಪತ್ತು ನಿಮಗ."

ಅಜ್ಜಾರು ಅವನ ಕೈ ಹಿಡಿದು ಎಬ್ಬಿಸಿದರು. ಅಂಗೈಯಲ್ಲಿ ನಾಲ್ಕು ಹುರುಳಿಕಾಳು ಇಟ್ಟು ಮುಷ್ಟಿ ಮಡಿಸಿದರು. "ಇದು ಮುಷ್ಟಿಯಾಗ ಹಿಡಸ್ತೇನು?"

"ಹೂಂ ರೀ."

"ಆಕಳ ಹಿಡಸ್ತೇನು?"

"ಹೆಂಗ ಹಿಡಸೀತ್ರೀ?"

"ಮತ್ತ ಆಕಳ ಹಿಡಕೊಂಡು ಬಾ ಅಂದ್ರ ಕೈಯಾಗ ಏನ ಹಿಡಕೊಂಡು ಬರ್ತೀ?"

"ಹಗ್ಗಾರೀ."

ಅಜ್ಜಾರು ಹೊಳೆಗೆ ಸ್ನಾನಕ್ಕೆ ಇಳಿದರು.

ಅಡಿವೆಪ್ಪ ಅಲ್ಲೇ ನಿಂತ. ಡಿಪ್ಲೊಮಾದಲ್ಲಿ ಇದು ಐದು ಅಂಕದ ಪ್ರಶ್ನೆಯಾಗಿತ್ತು. ಅಂಕಿಯಂಥ ಪ್ರಿಮಿಟಿವ್ ಟೈಪಿಗೂ ಪಟ್ಟಿಯಂಥ ಕಾಂಪ್ಲೆಕ್ಸ್ ಟೈಪಿಗೂ ಇರುವ ವ್ಯತ್ಯಾಸವೇನು? ಅವನು ಎರಡು ಪುಟ ಬರೆದು ಐದಕ್ಕೆ ಐದು ತೆಗೆದಿದ್ದ. ಅವತ್ತು ಒಂದಕ್ಷರವೂ ತಿಳಿದಿರಲಿಲ್ಲ ಎಂದು ಇವತ್ತು ತಿಳಿಯಿತು. ಅಂಕಿ ಕಾಳಿನ ಹಾಗೆ, ಇನ್ನೊಬ್ಬರಿಗೆ ಕೊಟ್ಟರೆ ಅವರ ಮುಷ್ಟಿಯಲ್ಲಿ ಅವರದು, ನನ್ನ ಮುಷ್ಟಿಯಲ್ಲಿ ನನ್ನದು. ಪಟ್ಟಿ ಮುಷ್ಟಿಯಲ್ಲಿ ಹಿಡಿಸುವುದಿಲ್ಲ. ಅವನು ಸೋಮವಾರಕ್ಕೆ ಕೊಟ್ಟದ್ದು ಪಟ್ಟಿಯನ್ನಲ್ಲ, ಪಟ್ಟಿಯ ಹಗ್ಗವನ್ನು.

ಅವತ್ತು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಜೋರಾಗಿ ಕೇಳಿಬಂತು. ನೀಲವ್ವ ಕಟ್ಟೆ ಬಿಟ್ಟು ಮತ್ತೆ ಒಲೆಯ ಮುಂದೆ ಕೂತಿದ್ದಳು. ಮಠಕ್ಕೆ ಮಠವೇ ಹಿಗ್ಗಿತು. ಅಡಿವೆಪ್ಪನಿಗೆ ಒಂದೊಂದು ರೊಟ್ಟಿಯೂ ತನ್ನ ಬೆನ್ನ ಮೇಲೇ ಬಡಿದ ಹಾಗಿತ್ತು. ಶುಕ್ರವಾರಕ್ಕೆ ಇನ್ನು ಒಂದೇ ದಿನ ನಡುವೆ.

ಮಧ್ಯಾಹ್ನ ಕೂತು ತಿದ್ದಿದ. ಈ ಸಲ 'ಸೋಮ ಅಂದ್ರ ದಿನ' ಎಂದು ಬರೆಯಲಿಲ್ಲ. ಸೋಮಕ್ಕೆ ಹೊಚ್ಚ ಹೊಸ ಖಾಲಿ ಪಟ್ಟಿ ಮಾಡಿ, ದಿನದ ಪಟ್ಟಿಯಲ್ಲಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ಅದರೊಳಗೆ ಕೂರಿಸಿದ. ಪರೀಕ್ಷೆಗೆಂದು, ಊರಿಗೆ ಹೋಗುವ ಮೂವರ ಹೆಸರನ್ನು ಸೋಮದಿಂದ ತೆಗೆದ. ದಿನದಲ್ಲಿ ನಲವತ್ತೊಂದೂ ಹೆಸರು ಅಲುಗಾಡದೆ ನಿಂತಿದ್ದವು.

ಅಡಿವೆಪ್ಪ ಅಡುಗೆಮನೆಗೆ ಹಾರಿಕೊಂಡೇ ಹೋದ.

"ಯವ್ವಾ, ಗಂಟು ಕಟ್ರಿ! ಸಿಕ್ಕಿತು! ನಾಳೆಗೆ ನೋಡ್ರಿ."

ನೀಲವ್ವ ಹಿಟ್ಟಿನ ಕೈ ಎತ್ತದೆ, "ಫಕೀರಜ್ಜಗ ನಾಳೆ ಊಟಕ್ಕ ಏನು?" ಎಂದು ಕೇಳಿದಳು.

ಓಡಿ ಬಂದು ಸೋಮದ ಪಟ್ಟಿಗೆ ಅವಲಕ್ಕಿ ಬರೆದು, ದಿನದ ಪಟ್ಟಿ ತೆರೆದು ನೋಡಿದ.

ಫಕೀರಜ್ಜ: ಅವಲಕ್ಕಿ, ಹಾಲು.

ಮತ್ತೆ ಅಡುಗೆಮನೆಗೆ ಹೋಗುವ ಧೈರ್ಯ ಆಗಲಿಲ್ಲ. ಅವನ ಹೆಜ್ಜೆಯ ಸದ್ದು ಬಾರದ್ದನ್ನು ಕೇಳಿಯೇ ನೀಲವ್ವನಿಗೆ ಉತ್ತರ ಗೊತ್ತಾಗಿರಬೇಕು. ಇನ್ನೊಂದು ರೊಟ್ಟಿ ಬಡಿದಳು.

ಅಜ್ಜಾರು ಕಿಟಕಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣದ ಡಬ್ಬಿ ಮುಚ್ಚಲು ಹೆಣಗುತ್ತಿದ್ದರು. ಅಡಿವೆಪ್ಪ ಎದುರು ಹೋಗಿ ನಿಂತ. ಅವನ ಮೋರೆ ನೋಡಿ ಅಜ್ಜಾರು ಡಬ್ಬಿ ಕೆಳಗಿಟ್ಟರು.

"ಎರಡು ಹಾಳಿ ತಗೋ. ಎರಡರಾಗೂ ಮಠದ ದನದ ಪಟ್ಟಿ ಬರಿ."

ಬರೆಯಲು ಇದ್ದದ್ದು ಒಂದೇ ಹೆಸರು. ಎರಡು ಹಾಳೆಯಲ್ಲೂ 'ಕೆಂದಿ' ಎಂದು ಬರೆದ.

"ಎರಡೂ ಹಾಳಿ ಒಂದ ಏನು?"

"ಅಲ್ರೀ. ಇದ ಬ್ಯಾರೆ, ಅದ ಬ್ಯಾರೆ. ಇದನ್ನ ಹರದ್ರ ಅದು ಹರಿಯಂಗಿಲ್ಲ."

"ಶಾಣ್ಯಾ. ಈಗ ಹೋಗಿ ಆಕಳ ಕೋಡಿಗೆ ಬಣ್ಣ ಹಚ್ಚಿ ಬಾ."

ಹಚ್ಚಿ ಬಂದ. ಹಚ್ಚುವಾಗ ಅಂಗಿಗೂ ಒಂದಿಷ್ಟು ಹತ್ತಿತು.

"ಮೊದಲನೇ ಹಾಳಿಯ ಕೆಂದಿ ಕೋಡು ಯಾವ ಬಣ್ಣ?"

"ಹಸಿರು."

"ಎರಡನೇ ಹಾಳಿದು?"

"ಅದೂ…" ಎಂದವನು ಅಲ್ಲೇ ತಡೆದ.

ಹಾಳೆಗಳನ್ನು ನೋಡಿದ. ಕೊಟ್ಟಿಗೆಯ ಕಡೆ ನೋಡಿದ. ಹಸಿರು ಕೋಡಿನ ಆಕಳು ಒಂದೇ ನಿಂತಿತ್ತು, ಕೊರಳಲ್ಲಿ ಎರಡು ಹಗ್ಗ.

"ಪಟ್ಟಿ ಹೊಸಾದು ಮಾಡಿದೆ," ಎಂದ ಮೆಲ್ಲಗೆ. "ಒಳಗಿನ ಮಂದಿ ಅವರ. ಹೊಸ ಪಟ್ಟಿಯಾಗೂ ಬರೇ ಹಗ್ಗ ತುಂಬೀನ್ರೀ ಅಜ್ಜಾರ."

"ಮತ್ತ ಎಲ್ಲೀತನಕ ಒಡೀಬೇಕು?"

ಅಡಿವೆಪ್ಪ ತನ್ನ ಮುಷ್ಟಿ ನೋಡಿಕೊಂಡ. "ಮುಷ್ಟಿಯಾಗ ಹಿಡಸೂತನಕ."

ಅಜ್ಜಾರು ಡಬ್ಬಿ ಎತ್ತಿ ಅವನ ಕೈಗೆ ಕೊಟ್ಟರು. "ಇದರ ಮುಚ್ಚಳ ಹಾಕಿ ಹೋಗು. ನನ್ನ ಕೈಲೆ ಆಗವಲ್ದು."

ಹಳೆಯ ಪ್ರತಿಯಿಂದ ದಿನದ ಪಟ್ಟಿಯನ್ನು ಮತ್ತೆ ಸರಿಪಡಿಸಿ, ಸಂಜೆಯ ತನಕ ಕೂತು ಬರೆದ. ಸೋಮವಾರಕ್ಕೆ ಪ್ರತಿಯೊಬ್ಬರಿಗೂ ಹೊಸದೊಂದು ಚೀಟಿ. ಆ ಚೀಟಿಯೊಳಗೆ ಹೆಸರು, ಉಪ್ಪು, ಬೆಲ್ಲ, ಹಲ್ಲು, ರೊಟ್ಟಿಯ ಎಣಿಕೆ, ಒಂದೊಂದನ್ನೂ ಬಿಡಿಬಿಡಿಯಾಗಿ ಎತ್ತಿ ಇಟ್ಟ. ಫಕೀರಜ್ಜನ ಸೋಮವಾರದ ಚೀಟಿಗೆ ಅವಲಕ್ಕಿ ಬರೆದು, ಉಸಿರು ಹಿಡಿದು ದಿನದ್ದನ್ನು ತೆರೆದ.

ರೊಟ್ಟಿ ಮೂರು, ಎಣ್ಣೆಗಾಯಿ, ಉಪ್ಪಿಲ್ಲ.

ಇಷ್ಟು ಚಂದದ ಸಾಲನ್ನು ಅವನು ಜನ್ಮದಲ್ಲಿ ಓದಿರಲಿಲ್ಲ.

ಗುರುವಾರ ನೀಲವ್ವ ಮತ್ತೆ ಕಟ್ಟೆಯ ಮೇಲೆ ಸೆರಗು ಬಾಯಿಗಿಟ್ಟು ಕೂತಳು. ಅಡಿವೆಪ್ಪನೇ ಹೋಗಿ, "ಇದೊಂದು ದಿನ ನೋಡ್ರಿ ಯವ್ವಾ, ತಪ್ಪಿದ್ರ ನಾನ ಮಠ ಬಿಟ್ಟು ಹೊಂಡತೀನಿ," ಎಂದು ಕೈ ಮುಗಿದಿದ್ದ. ಅಕ್ಕತಂಗಿಯರು ಕಾಗದ ಓದಿ ಈ ಸಲ ಮುಖ ಮುಖ ನೋಡಲಿಲ್ಲ. ಫಕೀರಜ್ಜನ ಬದನೆಕಾಯಿಗೆ ಉಪ್ಪು ಬೀಳಲಿಲ್ಲ. ಸಂಗಮ್ಮನ ರೊಟ್ಟಿ ಮಜ್ಜಿಗೆಯಲ್ಲಿ ನೆಂದಿತ್ತು. ರಾಚಯ್ಯನವರು ಬೆಲ್ಲ ಕೇಳಿದರು, ಸಿಗಲಿಲ್ಲ, ಎಂದಿನಂತೆ ಬೇಜಾರು ಮಾಡಿಕೊಂಡರು.

"ಅಡಿವೆಪ್ಪಾ, ಇವತ್ತು ಯಾವ ವಾರೋ?" ಎಂದು ಫಕೀರಜ್ಜ ಕೂಗಿದ.

"ನೀವ ಹೇಳ್ರಿ ಅಜ್ಜಾ."

"ರೊಟ್ಟಿ ವಾರ!"

ಕಟ್ಟೆಯ ಮೇಲಿನ ಸೆರಗು ಬಾಯಿಯಿಂದ ಇಳಿಯಿತು. ನೀಲವ್ವ ನಗುತ್ತಿದ್ದಳು. ಎದ್ದು ಕೋಣೆಗೆ ಹೋಗಿ ಗಂಟು ಕಟ್ಟಿದಳು.

ಶುಕ್ರವಾರ ಮುಂಜಾನೆ ಹೊಳೆಯ ಮೆಟ್ಟಿಲ ಮೇಲೆ ಮಂದಿಯೋ ಮಂದಿ. ಆಚೆ ದಂಡೆಗೆ ದಾಟಿಸುವ ಹರಿಗೋಲು ಬಂದು ನಿಂತಿತ್ತು. ಶ್ರೀಶೈಲಕ್ಕೆ ಹೊರಟವರು ಒಬ್ಬೊಬ್ಬರೇ ಹತ್ತಿ ಕೂರುತ್ತಿದ್ದರು. ಅಜ್ಜಾರು ಆಕಳಿಗೆ ನೀರು ಕುಡಿಸುವ ನೆಪದಲ್ಲಿ ಬಂದಿದ್ದರು.

ನೀಲವ್ವ ಅಜ್ಜಾರ ಪಾದಕ್ಕೆ ಹಣೆ ಹಚ್ಚಿ, ಗಂಟು ತಲೆಯ ಮೇಲೆ ಇಟ್ಟುಕೊಂಡಳು. ಎರಡು ಮೆಟ್ಟಿಲು ಇಳಿದು ತಿರುಗಿದಳು.

"ತಮ್ಮಾ, ಸಂಗಮ್ಮಗ ಮಜ್ಜಿಗಿ ಹುಳಿ ಆಗಬಾರದು."

"ಬರದೈತಿ ಯವ್ವಾ."

ಇನ್ನೆರಡು ಮೆಟ್ಟಿಲು ಇಳಿದಳು. "ಮಳಿ ಬಂದ್ರ ಕಟ್ಟಿಗಿ ಒಳಗ…"

ಅಡಿವೆಪ್ಪನಿಗೆ ಅವಳ ಮನಸ್ಸು ಹಗುರ ಮಾಡಬೇಕೆನ್ನಿಸಿತು. ಮೂರು ದಿನದ ವಿದ್ಯೆ ತಲೆಗೂ ಏರಿತ್ತು.

"ಯವ್ವಾ, ಯಾಕ ಚಿಂತಿ ಮಾಡ್ತೀರಿ? ಈಗ ನಿಮ್ಮ ತಲಿಯಾಗಿನ ಪಟ್ಟಿ ಬ್ಯಾರೆ, ನಮ್ಮ ಪಟ್ಟಿ ಬ್ಯಾರೆ. ಪೂರಾ ಕಾಪಿ ಮಾಡೀನಿ, ಒಂದು ಎಳಿ ಜೋಡ ಉಳದಿಲ್ಲ. ನಿಮಗೂ ಅಡಗಿಮನಿಗೂ ಇನ್ನ ಸಂಬಂಧನ ಇಲ್ಲ. ಆರಾಮ ಹೋಗ್ರಿ!"

ನೀಲವ್ವ ನಿಂತಲ್ಲೇ ನಿಂತಳು.

"ಸಂಬಂಧ ಇಲ್ಲ?"

ಗಂಟನ್ನು ತಲೆಯಿಂದ ಇಳಿಸಿದಳು. ಮೆಟ್ಟಿಲ ಮೇಲೆ ಕೂತಳು. ಹರಿಗೋಲಿನಲ್ಲಿದ್ದವರು, "ನೀಲಕ್ಕಾ, ಬಾರವಾ, ಹೊತ್ತಾತು!" ಎಂದು ಕೂಗಿದರು. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

"ಮೂವತ್ತೊಂದು ವರ್ಷ," ಎಂದಳು, ಯಾರಿಗೆಂದಿಲ್ಲ. "ಎಲ್ಲಾ ಬರಕೊಂಡ ಮ್ಯಾಲೆ ನಾ ಇಲ್ಲಿಗೆ ಏನೂ ಅಲ್ಲ ಅಂದಂಗಾತು."

ಅಡಿವೆಪ್ಪನ ಮುಖ ಕಪ್ಪಿಟ್ಟಿತು. ತಾನು ಎಷ್ಟು ಒರಟು ಮಾತಾಡಿದೆನೆಂದು ಅವಳ ಕಣ್ಣು ನೋಡಿದ ಮೇಲೆ ತಿಳಿಯಿತು. ಇಳಿದು ಹೋಗಿ ಅವಳ ಕಾಲ ಬಳಿ ಕೂತ.

"ತಪ್ಪಾತು ಯವ್ವಾ. ಪಟ್ಟಿಗೆ ಹೇಳೂ ಮಾತು ನಿಮಗ ಹೇಳಿದೆ. ಬಡೀರಿ ಬೇಕಾದ್ರ."

ನೀಲವ್ವ ಬಡಿಯಲಿಲ್ಲ. ಅವನ ತಲೆಯ ಮೇಲೆ ಕೈ ಇಟ್ಟಳು, ಆದರೆ ಏಳಲೂ ಇಲ್ಲ. ಅಜ್ಜಾರ ಕಡೆ ತಿರುಗಿದಳು.

"ಅಜ್ಜಾರ, ನೀವ ಹೇಳ್ರಿ. ನಾ ಈ ಹೊಳಿ ದಾಟಿದ ಮ್ಯಾಲೆ ಆ ಅಡಗಿಮನಿ ಯಾರದು? ನಂದೋ, ಇವಂದೋ?"

ಅಜ್ಜಾರು ಆಕಳನ್ನು ಹಿಡಿದುಕೊಂಡು ಮೆಟ್ಟಿಲಿನ ತನಕ ಬಂದರು. ಕೊರಳಿನ ಒಂದು ಹಗ್ಗವನ್ನು ಅಡಿವೆಪ್ಪನ ಕೈಗೆ ಕೊಟ್ಟರು. ಇನ್ನೊಂದನ್ನು ನೀಲವ್ವನ ಕೈಯಲ್ಲಿಟ್ಟು, ಬೆರಳು ಮಡಿಸಿದರು.

"ಹಗ್ಗ ಎಷ್ಟದಾವ, ನೀಲವ್ವಾ?"

"ಎರಡ್ರೀ."

"ಆಕಳ?"

ನೀಲವ್ವ ತನ್ನ ಕೈಯ ಹಗ್ಗ ನೋಡಿದಳು. ಅಡಿವೆಪ್ಪನ ಕೈಯಲ್ಲಿದ್ದದ್ದನ್ನು ನೋಡಿದಳು. ಎರಡೂ ಹೋಗಿ ಸೇರಿದ ಕೊರಳನ್ನು ಬಹಳ ಹೊತ್ತು ನೋಡಿದಳು. ಹಸಿರು ಕೋಡಿನ ಆಕಳು ಬಗ್ಗಿ ಅವಳ ಗಂಟು ಮೂಸಿತು.

"ಒಂದ್ರೀ ಅಜ್ಜಾರ," ಎಂದಳು ನೀಲವ್ವ. ಕಣ್ಣೊರೆಸಿಕೊಂಡು ನಕ್ಕಳು.

"ಹಂಗಾರ ಹೋಗಿ ಬಾ."